ಹೋಮ್‌ವರ್ಕ್ ಮಗುವಿನದೋ, ಅಪ್ಪ-ಅಮ್ಮನದೋ? ಮನೆಯ ಪಾಲೆಷ್ಟು, ಶಾಲೆಯ ಪಾಲೆಷ್ಟು: ಇಲ್ಲಿದೆ ವಿವರ

ರಾತ್ರಿ ಎಂಟೂವರೆ. ಸ್ಟೇಷನರಿ ಅಂಗಡಿಯವರು ಶಟರ್ ಅರ್ಧ ಎಳೆದಾಗಿದೆ. ಅಷ್ಟರಲ್ಲಿ ಬೈಕ್ ನಿಲ್ಲಿಸಿ ಒಬ್ಬರು ಓಡಿ ಬರ್ತಾರೆ. "ಅಣ್ಣಾ, ಒಂದು ಚಾರ್ಟ್ ಕೊಡಿ, ಹಣ್ಣುಗಳ ಚಿತ್ರದ ಶೀಟೂ ಬೇಕು. ನಾಳೆ ಬೆಳಗ್ಗೇನೆ ಮಿಸ್‌ಗೆ ಕೊಡ್ಬೇಕಂತೆ, ಇವ್ನು ಈಗ ಹೇಳ್ತಿದಾನೆ!"

ತಾಲೂಕು ಕೇಂದ್ರದ ಅಂಗಡಿಯವರಿಗೆ ಇದು ಹೊಸದಲ್ಲ. ಚಾರ್ಟ್ ಮನೆಗೆ ಹೋಗುತ್ತೆ. ಅಮ್ಮ ಚಿತ್ರ ಕತ್ತರಿಸ್ತಾರೆ, ಅಪ್ಪ ಅಂಟಿಸ್ತಾರೆ, ಅಕ್ಕ ದುಂಡಗೆ ಹೆಸರು ಬರೀತಾಳೆ. ಎರಡನೇ ಕ್ಲಾಸಿನ ಮಗು ಅಷ್ಟೊತ್ತಿಗೆ ನಿದ್ದೆ ಹೋಗಿರುತ್ತೆ. ಮಾರನೇ ದಿನ ಚಾರ್ಟ್ ಮೇಲೆ 'ವೆರಿ ಗುಡ್' ಬೀಳುತ್ತೆ. ಅದು ಯಾರಿಗೆ ಸಿಕ್ಕಿದ್ದು ಅನ್ನೋದೇ ಪ್ರಶ್ನೆ.

ಓದಿದ ಅಪ್ಪ-ಅಮ್ಮ ಇರುವ ಮನೆಯಲ್ಲಿ ಇದು ಒಂದು ರಾತ್ರಿಯ ತಲೆನೋವು ಅಷ್ಟೇ. ಕೂಲಿ ಮುಗಿಸಿ ಏಳು ಗಂಟೆಗೆ ಮನೆಗೆ ಬರುವ, ಓದು-ಬರಹ ಬಾರದ ತಾಯಿಯ ಮಗುವಿಗೆ ಹಾಗಲ್ಲ. ಅದು ಖಾಲಿ ಕೈಯಲ್ಲಿ ಶಾಲೆಗೆ ಹೋಗಿ ತರಗತಿಯಲ್ಲಿ ಎದ್ದು ನಿಲ್ಲಬೇಕಾಗುತ್ತೆ. ಅಥವಾ ಒಂದನೇ ಕ್ಲಾಸಿನಿಂದಲೇ ಟ್ಯೂಷನ್‌ಗೆ ದುಡ್ಡು ಹೊಂದಿಸಬೇಕಾಗುತ್ತೆ.

ನಿಯಮ ಏನು ಹೇಳುತ್ತೆ?

ಒಂದು ಮತ್ತು ಎರಡನೇ ತರಗತಿಗೆ ಹೋಮ್‌ವರ್ಕ್ ಕೊಡಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ಕರ್ನಾಟಕದ ಶಿಕ್ಷಣ ಇಲಾಖೆ 2019ರಲ್ಲಿ ಬ್ಯಾಗ್ ತೂಕದ ಬಗ್ಗೆ ಹೊರಡಿಸಿದ ಆದೇಶದಲ್ಲೂ ಇದೇ ಮಾತಿದೆ.

2020ರ ಶಾಲಾ ಬ್ಯಾಗ್ ನೀತಿ ಇನ್ನೂ ಬಿಡಿಸಿ ಹೇಳುತ್ತೆ. ಎರಡನೇ ತರಗತಿವರೆಗೆ ಹೋಮ್‌ವರ್ಕ್ ಬೇಡ. 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. 6ರಿಂದ 8ನೇ ತರಗತಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ. ವಾರಕ್ಕೆ 2 ಗಂಟೆ ಅಂದರೆ ಆರು ದಿನಕ್ಕೆ ಹಂಚಿದರೆ ದಿನಕ್ಕೆ 20 ನಿಮಿಷ. ಅದೂ ಎಲ್ಲಾ ವಿಷಯ ಸೇರಿ. ನಾಲ್ಕನೇ ಕ್ಲಾಸಿನ ಮಗು ದಿನಾ ರಾತ್ರಿ ಒಂದೂವರೆ ಗಂಟೆ ಕೂತು ಬರೀತಿದೆ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಹಾಗಾದರೆ ಚಿಕ್ಕ ಮಕ್ಕಳಿಗೆ ಮನೆಯಲ್ಲಿ ಏನೂ ಬೇಡವೇ? ಸಂಜೆ ಏನು ಆಡಿದೆ, ಏನು ತಿಂದೆ ಅಂತ ಮಾರನೇ ದಿನ ತರಗತಿಯಲ್ಲಿ ಮಗುವಿನ ಬಾಯಲ್ಲಿ ಹೇಳಿಸಿ ಅನ್ನುತ್ತೆ ಅದೇ ನೀತಿ. ಅದಕ್ಕೆ ಚಾರ್ಟೂ ಬೇಡ, ಫೆವಿಕಾಲೂ ಬೇಡ.

ಸರ್ಕಾರಿ ಶಾಲೆಯಲ್ಲಿ ಯಾಕೆ ಕಡಿಮೆ?

"ಕಾನ್ವೆಂಟ್‌ನಲ್ಲಿ ಪುಟಗಟ್ಟಲೆ ಬರೆಸ್ತಾರೆ, ನಮ್ಮ ಶಾಲೆಯಲ್ಲಿ ಏನೂ ಕೊಡಲ್ಲ" ಅನ್ನೋದು ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಮನೆಗಳ ಸಾಮಾನ್ಯ ದೂರು. ಇದಕ್ಕೆ ಕಾರಣ ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. 1ರಿಂದ 3ನೇ ತರಗತಿಯ ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡ್ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅಭ್ಯಾಸದ ಹೆಚ್ಚಿನ ಭಾಗ ತರಗತಿಯೊಳಗೇ ಮುಗಿಯುತ್ತೆ. ಹೋಮ್‌ವರ್ಕ್ ಇಲ್ಲ ಅಂದಮಾತ್ರಕ್ಕೆ ಪಾಠವೇ ಇಲ್ಲ ಅಂತಲ್ಲ.

ಖಾಸಗಿ ಶಾಲೆಗಳ ಕಥೆ ಬೇರೆ. ಹೋಮ್‌ವರ್ಕ್ ಜಾಸ್ತಿ ಕೊಟ್ಟರೆ ಒಳ್ಳೆ ಶಾಲೆ ಅನ್ನೋ ಲೆಕ್ಕ ಎಷ್ಟೋ ಪೋಷಕರಲ್ಲಿದೆ. ಪೋಷಕರೇ ಕೇಳಿದಾಗ ಶಾಲೆ ಕೊಡದೆ ಇರೋದು ಕಷ್ಟ.

ತಪ್ಪು ಲೆಕ್ಕವೇ ಮೇಷ್ಟ್ರಿಗೆ ಬೇಕು

ಒಂದು ಉದಾಹರಣೆ. ಮೂರನೇ ಕ್ಲಾಸಿನ ಮಗು 42ರಲ್ಲಿ 17 ಕಳೆದು ಉತ್ತರ 35 ಅಂತ ಬರೆದಿದೆ ಅನ್ನಿ. ಸರಿಯಾದ ಉತ್ತರ 25. ಮಗು ಏನು ಮಾಡಿದೆ? 2ರಲ್ಲಿ 7 ಹೋಗಲ್ಲ, ಅದಕ್ಕೇ 7ರಲ್ಲಿ 2 ಕಳೆದು 5 ಬರೆದಿದೆ. 4ರಲ್ಲಿ 1 ಕಳೆದು 3. ಅಂದರೆ ಹತ್ತರ ಸ್ಥಾನದಿಂದ ಸಾಲ ತರೋದು ಅದಕ್ಕೆ ಅರ್ಥವಾಗಿಲ್ಲ.

ಮನೆಯಲ್ಲಿ ಅಮ್ಮ ರಬ್ಬರ್ ತಗೊಂಡು 35 ಅಳಿಸಿ 25 ಬರೆಸಿದರೆ ನೋಟ್‌ಬುಕ್ ಚೆಂದ ಕಾಣುತ್ತೆ. ಮೇಷ್ಟ್ರು ಟಿಕ್ ಹಾಕಿ ಮುಂದಿನ ಪಾಠಕ್ಕೆ ಹೋಗ್ತಾರೆ. ಮಗುವಿಗೆ ಬಾರದ್ದು ಬಾರದ್ದಾಗಿಯೇ ಉಳಿಯುತ್ತೆ. 35 ಹಾಗೇ ಇದ್ದಿದ್ದರೆ ಮೇಷ್ಟ್ರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಕನ್ನಡದಲ್ಲೂ ಅಷ್ಟೇ. ಮಗು 'ಹಾಲು' ಬರೆಯೋ ಕಡೆ 'ಆಲು' ಅಂತ ಬರೆದರೆ, ಮನೆಯಲ್ಲಿ ಮಾತಾಡೋ ಹಾಗೇ ಬರೀತಿದೆ ಅಂತ ತಿಳಿಯುತ್ತೆ. 'ಅಕ್ಕ' ಅನ್ನೋದನ್ನ 'ಅಕ' ಅಂತ ಬರೆದರೆ ಒತ್ತಕ್ಷರ ಇನ್ನೂ ಕೂತಿಲ್ಲ ಅಂತ. ಒಂದೊಂದು ತಪ್ಪಿಗೂ ಹೇಳಿಕೊಡೋ ದಾರಿ ಬೇರೆ ಬೇರೆ. ಮನೆಯವರು ಬರೆದುಕೊಟ್ಟ ಹೋಮ್‌ವರ್ಕ್ ಈ ಸುಳಿವನ್ನೇ ಅಳಿಸಿಹಾಕುತ್ತೆ.

ಮನೆಯವರ ಪಾಲು

ಮೊದಲನೆಯದು ಜಾಗ ಮತ್ತು ಹೊತ್ತು. ಟಿವಿ ಆರಿಸಿ, ಮೊಬೈಲ್ ದೂರ ಇಟ್ಟು, ಊಟಕ್ಕೆ ಮುಂಚೆ 20 ನಿಮಿಷ. ಮಗುವಿನ ಪಕ್ಕ ಕೂತರೆ ಸಾಕು, ಪೆನ್ಸಿಲ್ ಮುಟ್ಟೋದು ಬೇಡ.

ಎರಡನೆಯದು ಕೇಳಿಸಿಕೊಳ್ಳೋದು. ಇದಕ್ಕೆ ಅಕ್ಷರ ಬರಲೇಬೇಕು ಅಂತಿಲ್ಲ. ತಾಯಿ ರೊಟ್ಟಿ ತಟ್ಟುತ್ತಾ, ಮುದ್ದೆ ತಿರುವುತ್ತಾ "ಜೋರಾಗಿ ಓದು ಮಗ, ಕೇಳ್ತೀನಿ" ಅನ್ನಬಹುದು. "ಆಮೇಲೇನಾಯ್ತು?" ಅಂತ ಕೇಳಬಹುದು. ಅಜ್ಜಿ ಮಗ್ಗಿ ಹೇಳಿಸಬಹುದು. ಮಗು ತಡವರಿಸಿದರೆ ಓದು ಬಾರದವರಿಗೂ ಕಿವಿಗೆ ಗೊತ್ತಾಗುತ್ತೆ.

ಮೂರನೆಯದು ನಿಜ ಹೇಳೋದು. ಹೋಮ್‌ವರ್ಕ್ ಆಗದಿದ್ದರೆ ಡೈರಿಯಲ್ಲಿ ಒಂದು ಸಾಲು: "ಈ ಲೆಕ್ಕ ಬರಲಿಲ್ಲ, ಇನ್ನೊಂದ್ಸಲ ಹೇಳ್ಕೊಡಿ ಮಿಸ್." ಬರೆಯಲು ಬಾರದವರು ಫೋನ್‌ನಲ್ಲೋ, ಶಾಲೆ ಗೇಟಿನ ಹತ್ತಿರವೋ ಹೇಳಬಹುದು. ನೋಡದೆ ಹಾಕಿದ ಸಹಿಗಿಂತ ಇದು ಹೆಚ್ಚು ಉಪಯೋಗ.

ಅಂಗಡಿ ಗಲ್ಲಾದ ಲೆಕ್ಕ

ಸಂಜೆ ಅಪ್ಪನ ಅಂಗಡಿಯಲ್ಲೇ ಕೂತು, ಅಕ್ಕಿ ಮೂಟೆ ಪಕ್ಕ ನೋಟ್‌ಬುಕ್ ಇಟ್ಟುಕೊಂಡು ಬರೆಯುವ ಮಕ್ಕಳು ಪ್ರತಿ ಪೇಟೆ ಬೀದಿಯಲ್ಲೂ ಇದ್ದಾರೆ. ಗಿರಾಕಿ ಮಧ್ಯೆ ಓದು ಕೆಡುತ್ತೆ ಅನ್ನೋದು ನಿಜ. ಆದರೆ ಅದೇ ಅಂಗಡಿಯಲ್ಲಿ ಒಂದು ಅನುಕೂಲವೂ ಇದೆ.

ನೋಟ್‌ಬುಕ್‌ನಲ್ಲಿ ಕಳೆಯೋ ಲೆಕ್ಕ ತಪ್ಪು ಮಾಡುವ ಮಗು, 17 ರೂಪಾಯಿ ಸಾಮಾನಿಗೆ 50ರ ನೋಟು ಕೊಟ್ಟರೆ ಚಿಲ್ಲರೆ ಸರಿಯಾಗಿ ಕೊಡಬಲ್ಲದು. ಹದಿನೇಳಕ್ಕೆ ಮೂರು ಸೇರಿಸಿದರೆ ಇಪ್ಪತ್ತು, ಇನ್ನು ಮೂವತ್ತು ಸೇರಿಸಿದರೆ ಐವತ್ತು, ಒಟ್ಟು 33. ಈ ದಾರಿ ಗೊತ್ತಿರೋ ಮಗುವಿಗೆ "ಚಿಲ್ಲರೆ ಕೊಡೋ ಹಾಗೇ ಈ ಲೆಕ್ಕಾನೂ ಮಾಡು" ಅಂದರೆ ಸಾಕು. ಕಾಲು ಕೆಜಿ ಅಂದರೆ ಎಷ್ಟು ಗ್ರಾಂ, ಅರ್ಧ ಲೀಟರ್ ಪ್ಯಾಕೆಟ್ ಎಷ್ಟು ಸೇರಿದರೆ ಎರಡು ಲೀಟರ್ ಅನ್ನೋದೂ ಗಣಿತ ಪಾಠವೇ. ದಿನಕ್ಕೆ ಇಂಥ ಎರಡು ಪ್ರಶ್ನೆ ಸಾಕು. ಆದರೆ ಓದಿನ ಹೊತ್ತಲ್ಲಿ ಮಗುವನ್ನು ವ್ಯಾಪಾರಕ್ಕೆ ಎಬ್ಬಿಸೋದು ಬೇಡ.

ಶಾಲೆಯ ಪಾಲು

ಮಗು ಒಬ್ಬನೇ ಕೂತು ಮಾಡಬಲ್ಲಷ್ಟನ್ನೇ ಕೊಡೋದು, ತರಗತಿಯಲ್ಲಿ ಹೇಳಿಕೊಟ್ಟಿದ್ದನ್ನೇ ಕೊಡೋದು, ಕೊಟ್ಟಿದ್ದನ್ನು ನೋಡೋದು. ಈ ಮೂರು ಶಿಕ್ಷಕರ ಪಾಲು. ಅವರ ಕಷ್ಟವೂ ಸಣ್ಣದಲ್ಲ. 40 ಮಕ್ಕಳ ತರಗತಿಯಲ್ಲಿ ಒಂದು ನೋಟ್‌ಬುಕ್‌ಗೆ ಎರಡು ನಿಮಿಷ ಹಿಡಿದರೂ 80 ನಿಮಿಷ ಬೇಕು, ಅಂದರೆ ಎರಡು ಪಿರಿಯಡ್. ಹತ್ತು ಲೆಕ್ಕ ಕೊಟ್ಟು ಒಂದನ್ನೂ ನೋಡದೆ ಬಿಡೋದಕ್ಕಿಂತ ಮೂರು ಲೆಕ್ಕ ಕೊಟ್ಟು ಮೂರನ್ನೂ ನೋಡೋದು ಮೇಲು. ರಾತ್ರಿ ಎಂಟಕ್ಕೆ ವಾಟ್ಸಾಪ್ ಗ್ರೂಪಿಗೆ ಬರುವ ಹೋಮ್‌ವರ್ಕ್ ಪಟ್ಟಿ, ಒಂದೇ ಫೋನ್ ಇರುವ, ಅದೂ ಅಪ್ಪನ ಜೇಬಿನಲ್ಲಿರುವ ಮನೆಗೆ ತಲುಪೋದೇ ಇಲ್ಲ.

ಹೊಡೆದರೆ, ಬೈದರೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ದೈಹಿಕ ಶಿಕ್ಷೆ ಕೊಡುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಹೋಮ್‌ವರ್ಕ್ ಮಾಡಿಲ್ಲ ಅನ್ನೋದು ಇದಕ್ಕೆ ವಿನಾಯಿತಿ ಅಲ್ಲ. ಅದೇ ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸುತ್ತೆ. ಪೋಷಕರನ್ನು ಆಗಾಗ ಸಭೆ ಕರೆದು ಮಗುವಿನ ಕಲಿಕೆ ತಿಳಿಸೋದು 24ನೇ ಸೆಕ್ಷನ್‌ನಂತೆ ಶಿಕ್ಷಕರ ಕರ್ತವ್ಯ.

ತೊಂದರೆ ಇದ್ದರೆ ಮೊದಲು ತರಗತಿ ಶಿಕ್ಷಕರ ಹತ್ತಿರ, ಆಮೇಲೆ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಬೇಕು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ಇಡಬಹುದು, ಅಲ್ಲಿ ಪೋಷಕರೇ ಹೆಚ್ಚು ಇರ್ತಾರೆ. ಅಲ್ಲೂ ಆಗದಿದ್ದರೆ ಬಿಇಒ ಕಚೇರಿಗೆ ಬರೆದುಕೊಡಬಹುದು. ಮಗುವಿಗೆ ಹಿಂಸೆ ಆಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಮುಂದಿನ ಪೋಷಕರ ಸಭೆಯಲ್ಲಿ ಕೇಳಲು ಮೂರೇ ಪ್ರಶ್ನೆ ಸಾಕು. ದಿನಕ್ಕೆ ಎಷ್ಟು ಹೊತ್ತಿನ ಹೋಮ್‌ವರ್ಕ್ ಕೊಡ್ತೀರಿ? ಅದನ್ನು ಯಾರು, ಯಾವಾಗ ನೋಡ್ತೀರಿ? ಮನೆಯಲ್ಲಿ ಹೇಳಿಕೊಡೋರು ಇಲ್ಲದ ಮಗುವಿಗೆ ಏನು ಮಾಡ್ತೀರಿ? ಚಾರ್ಟ್ ಬೇಕಿದ್ದರೆ ಒಂದು ವಾರ ಮುಂಚೆ ಹೇಳಿ ಅಂತಲೂ ಕೇಳಿಕೊಳ್ಳಬಹುದು. ಮಗು ವಂಕವಂಕವಾಗಿ ಕತ್ತರಿಸಿ ತಾನೇ ಅಂಟಿಸಿಕೊಂಡು ಬರಲಿ, ಪರವಾಗಿಲ್ಲ.