ಮುಂಬಾಗಿಲಿನ ಡುರಾಂಟ ಗಿಡ: ಎಷ್ಟು ಬೆಳೆಯಗೊಡಬೇಕು?

ನಮ್ಮ ಹೈದರಾಬಾದಿನ ದೊಡ್ಡ ರಸ್ತೆಗಳ ನಡುವಿನ ಕಟ್ಟೆಗಳ ಮೇಲೆ ಅರಿಶಿನ ಬಣ್ಣದ ಎಲೆಯುಳ್ಳ, ಮೊಣಕಾಲೆತ್ತರದ ಗಿಡಗಳ ಸಾಲನ್ನು ವಾಚಕರು ನಿತ್ಯವೂ ಕಾಣುತ್ತಿರುವರು. ಗೋಡೆಯಂತೆ ಸಮನಾಗಿ ಕತ್ತರಿಸಿ ನಿಲ್ಲಿಸಿದ ಆ ಸಾಲನ್ನು ನೋಡಿದವರಿಗೆ, ಅದೇ ಜಾತಿಯ ಗಿಡವನ್ನು ಅದರ ಇಚ್ಛೆಗೆ ಬಿಟ್ಟರೆ ಹದಿನೈದು ಅಡಿಯವರೆಗೂ ಏರುವುದೆಂದರೆ ನಂಬಿಕೆಯಾಗದು. ಡುರಾಂಟವೆಂದು ಅದರ ಹೆಸರು. ಹಸಿರೆಲೆಯ ಮೂಲ ಜಾತಿಯಲ್ಲಿ ಮಳೆಗಾಲಕ್ಕೆ ತಿಳಿನೀಲಿಯ ಹೂಗೊಂಚಲು ಬರುವುದು. ಚಳಿಗಾಲಕ್ಕೆ ಹೊನ್ನಿನ ಮಣಿಸರದಂತಹ ಹಣ್ಣುಗಳು ಜೋತುಬೀಳುವುವು. ಹೋಟೆಲುಗಳ ಮುಂದೆಯೂ ಬಾಡಿಗೆ ಮನೆಗಳ ಅಂಗಳದಲ್ಲಿಯೂ ಇದನ್ನು ನೆಡುವ ನಮ್ಮವರು ಹಲವರಿದ್ದಾರೆ. ಅದರ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಕ್ರಮವನ್ನು, ನಾವು ಪೆಟ್ಟು ತಿಂದು ಕಲಿತಂತೆಯೇ, ಇಲ್ಲಿ ನಿವೇದಿಸುತ್ತೇವೆ.

ಪತ್ರಿಕೆಯ ಮೇಜಿಗೆ ಬರುವ ಮೊದಲು ನಾವು ಹೋಟೆಲಿನ ಗಲ್ಲೆಯಲ್ಲಿ ಕುಳಿತವರೆಂಬುದನ್ನು ಬಹುಮಂದಿ ಬಲ್ಲರು. ಕಾಚಿಗುಡದ ಕಡೆ ಹೋಟೆಲು ತೆರೆದ ವರ್ಷ, ಬಾಗಿಲ ಬಳಿ ಸ್ವಲ್ಪ ಹಸಿರಿರಲೆಂದು ಸಸಿ ಮಾರುವವನೊಬ್ಬನಿಂದ ಗೇಣುದ್ದದ ಗಿಡವನ್ನು ಕೊಂಡು ನೆಟ್ಟೆವು. ಹೆಸರು ಕೇಳಲಿಲ್ಲ. ಬಂದ ಗಿರಾಕಿಯ ಊರು ಯಾವುದೆಂದು ತಪ್ಪದೆ ಕೇಳುವ ನಾವು ಗಿಡದ ಹೆಸರನ್ನು ಕೇಳದೆ ಹೋದುದು ಮೊದಲನೆಯ ತಪ್ಪು. ಎರಡನೆಯದು ಉಪಚಾರ. ಅಕ್ಕಿ, ಉದ್ದು ತೊಳೆದ ನೀರು ದಿನವೂ ಬಿಂದಿಗೆಗಟ್ಟಲೆ ಅದರ ಬುಡಕ್ಕೆ ಹೋಯಿತು. ಕಾಫಿಯ ಚರಟವೂ ಅಲ್ಲಿಗೇ ಬಿದ್ದಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಿಡವು ನಮ್ಮ ಬೋರ್ಡನ್ನೇ ಮುಚ್ಚಿತು. ‘ಶುದ್ಧ ಸಸ್ಯಾಹಾರಿ’ ಎಂಬಲ್ಲಿ ‘ಶುದ್ಧ’ ಎಂಬುದು ಮಾತ್ರ ಹೊರಗೆ ಕಾಣುತ್ತಿತ್ತು. ಬಾಗಿದ ರೆಂಬೆಗಳು ಕಾಲುದಾರಿಗೆ ಚಾಚಿದವು. ತಿಂಗಳ ಮೊದಲ ತಾರೀಖಿನಂದು ಹೊಸ ಅಂಗಿ ತೊಟ್ಟು ತಿಂಡಿಗೆ ಬಂದ ಗುಮಾಸ್ತರೊಬ್ಬರ ತೋಳು ಅದರ ಮುಳ್ಳಿಗೆ ಸಿಕ್ಕಿ ಹರಿಯಿತು. ಅಂಗಿಯ ಬೆಲೆಯನ್ನು ಅವರು ತೆಗೆದುಕೊಳ್ಳಲಿಲ್ಲ; ದೋಸೆಯ ಬಿಲ್ಲನ್ನು ನಾವು ತೆಗೆದುಕೊಳ್ಳಲಿಲ್ಲ.

ಅಂದಿನಿಂದ ತಿಂಗಳಿಗೊಮ್ಮೆ ಮಾಲಿಯನ್ನು ಕರೆಸಿ ಗಿಡದ ತಲೆಯನ್ನು ಸಮನಾಗಿ ಕತ್ತರಿಸತೊಡಗಿದೆವು. ಇದು ಮೂರನೆಯ ತಪ್ಪು, ನಮ್ಮವರಲ್ಲಿ ಹೆಚ್ಚಿನವರು ಮಾಡುವ ತಪ್ಪು. ಒಂದು ತುದಿಯನ್ನು ಕಡಿದರೆ ಅದರ ಕೆಳಗಿನ ಕಣ್ಣುಗಳಿಂದ ಹಲವು ಚಿಗುರುಗಳು ಹೊರಡುವುವು. ಕಡಿದಂತೆಲ್ಲ ಮೇಲ್ಭಾಗವು ಕೊಡೆಯಂತೆ ದಟ್ಟವಾಯಿತು. ಬಿಸಿಲು ಕಾಣದ ಕೆಳಭಾಗದ ಎಲೆ ಉದುರಿತು. ಗಿಡವು ಬೋಳುಕಾಲಿನ ಮೇಲೆ ಇಟ್ಟ ಬುಟ್ಟಿಯಂತಾಯಿತು. ಹೂ ಬಿಡುವುದು ಎಳೆಯ ಚಿಗುರಿನ ತುದಿಯಲ್ಲಿಯೇ ಆದುದರಿಂದ ಹೂವೂ ಇಲ್ಲ, ಹಣ್ಣೂ ಇಲ್ಲ. ಎತ್ತರ ಮಾತ್ರ ವರ್ಷಕ್ಕಿಷ್ಟು ಏರುತ್ತಲೇ ಇತ್ತು, ಏಕೆಂದರೆ ಮಾಲಿಯ ಕತ್ತರಿ ಪ್ರತಿ ಸಲವೂ ಹಿಂದಿನ ಗಾಯಕ್ಕಿಂತ ಒಂದು ಬೆರಳು ಮೇಲೆಯೇ ಓಡುತ್ತಿತ್ತು.

ದಾರಿ ತೋರಿದವನು ನಮ್ಮಲ್ಲಿ ಕಾಫಿ ಬೆರೆಸುತ್ತಿದ್ದ ಮೂಡಿಗೆರೆಯ ಕಡೆಯ ತರುಣ. “ಧಣಿಗಳೇ, ನೀವು ಮಾಡಿಸ್ತಿರೋದು ಕ್ಷೌರ, ಗಿಡಕ್ಕೆ ಬೇಕಾದ್ದು ಕಸಿ” ಎಂದ. ಅವನ ತಂದೆ ಕಾಫಿ ತೋಟದಲ್ಲಿ ಆ ಕೆಲಸ ಮಾಡಿದವರು. ದಿನಕ್ಕೆ ನೂರಾರು ಲೋಟ ಕಾಫಿ ಮಾರುತ್ತಿದ್ದರೂ, ಕಾಫಿಯೂ ಹಣ್ಣು ಬಿಡುವ ಗಿಡವೆಂಬುದನ್ನಾಗಲಿ, ಅದನ್ನು ಕೈಗೆಟಕುವ ಎತ್ತರದಲ್ಲಿ ನಿಲ್ಲಿಸುವುದೇ ಒಂದು ವಿದ್ಯೆಯೆಂಬುದನ್ನಾಗಲಿ ನಾವು ಯೋಚಿಸಿದವರಲ್ಲ. ಮಲೆನಾಡಿನಲ್ಲಿ ಕಾಫಿ ಗಿಡದ ತುದಿಯನ್ನು ಮುರಿದು ಅದರ ಎತ್ತರವನ್ನು ತಡೆಯುವರು. ಕೊಯ್ಲಾದ ಮೇಲೆ ಒಣಗಿದ, ಮುದಿಯಾದ, ಒಂದಕ್ಕೊಂದು ಹೆಣೆದುಕೊಂಡ ರೆಂಬೆಗಳನ್ನು ಆರಿಸಿ ತೆಗೆಯುವರು. ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರುಗಳನ್ನು ಕೈಯಿಂದಲೇ ಕೀಳುವರು. ಇದಕ್ಕೆ ಅಲ್ಲಿ ಕಸಿಯೆಂದು ಹೆಸರು. ಮಾವಿಗೆ ಕಟ್ಟುವ ಕಸಿ ಬೇರೆ.

ಆದರೆ ಎರಡು ಗಿಡಗಳಿಗೂ ಒಂದು ಭೇದವಿದೆ. ಕಾಫಿಯು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ ಕಾಯಿ ಹಿಡಿಯುವುದರಿಂದ ಅದನ್ನು ಮಿತಿಮೀರಿ ಕಡಿದವನು ಬೆಳೆಯನ್ನೇ ಕಳೆದುಕೊಳ್ಳುವನು. ಡುರಾಂಟವು ಆಯಾ ವರ್ಷದ ಹೊಸ ಚಿಗುರಿನಲ್ಲಿ ಹೂ ಬಿಡುವುದು. ಆದುದರಿಂದ ಕಾಲವರಿತು ಕಡಿದರೆ ಎಷ್ಟು ಆಳವಾಗಿ ಕಡಿದರೂ ಹೂವಿಗೆ ನಷ್ಟವಿಲ್ಲ.

ಹಣ್ಣು ಉದುರಿ ಮುಗಿಯುವ ಶಿವರಾತ್ರಿಯ ಸುಮಾರಿಗೆ ಕೆಲಸವನ್ನು ಆರಂಭಿಸತಕ್ಕದ್ದು. ಮೊದಲು ಗಿಡದ ಬುಡದ ಬಳಿ ಕುಳಿತು ನೋಡಬೇಕು. ನಿಂತು ನೋಡಿದವನು ತಲೆಯನ್ನೇ ಕತ್ತರಿಸುವನು. ನೆಲದಿಂದ ಹೊರಟ ಕಾಂಡಗಳಲ್ಲಿ ಅತಿ ಹಳೆಯವನ್ನು, ಒಟ್ಟಿನಲ್ಲಿ ಮೂರರಲ್ಲೊಂದು ಪಾಲನ್ನು, ಗರಗಸದಿಂದ ನೆಲಮಟ್ಟಕ್ಕೆ ಕೊಯ್ಯಬೇಕು. ಉಳಿದವುಗಳನ್ನು ನಮಗೆ ಬೇಕಾದ ಎತ್ತರಕ್ಕಲ್ಲ, ಅದಕ್ಕಿಂತ ಒಂದೂವರೆ ಅಡಿ ಕೆಳಕ್ಕೆ, ಹೊರಮುಖವಾದ ಕಣ್ಣೊಂದರ ಮೇಲೆಯೇ ಕಡಿಯಬೇಕು. ಹೊಸ ಚಿಗುರು ಆ ಒಂದೂವರೆ ಅಡಿಯನ್ನು ತುಂಬಿಕೊಡುವುದು. ಮರುವರ್ಷ ಇನ್ನೊಂದು ಪಾಲು, ಅದರ ಮುಂದಿನ ವರ್ಷ ಮತ್ತೊಂದು. ಹೀಗೆ ಮೂರು ವರ್ಷಗಳಲ್ಲಿ ಇಡೀ ಗಿಡವು ಹೊಸದಾಗುವುದು, ಎತ್ತರ ಮಾತ್ರ ಇದ್ದಲ್ಲಿಯೇ ಇರುವುದು. ಕಡಿದ ಬಳಿಕ ನಮ್ಮ ಊರಿನ ನಲವತ್ತು ಡಿಗ್ರಿಯ ಬಿಸಿಲು ಬರುವುದರಿಂದ ಬುಡಕ್ಕೆ ಒಣಗಿದ ಎಲೆ ಹೊದಿಸಿ, ಮೇ ಮುಗಿಯುವವರೆಗೆ ಎರಡು ದಿನಕ್ಕೊಮ್ಮೆ ನೀರು ಕೊಡಬೇಕು. ಜೂನಿನಲ್ಲಿ ಮಳೆ ಹಿಡಿದ ಮೇಲೆ ನೀರನ್ನು ನಿಲ್ಲಿಸಿ, ಬುಡದಿಂದ ನೆಟ್ಟಗೆ ಏಳುವ ಚಿಗುರುಗಳಲ್ಲಿ ಬೇಕಾದ ಎರಡು ಮೂರನ್ನು ಉಳಿಸಿ ಮಿಕ್ಕವನ್ನು ಎಳೆಯದಿರುವಾಗಲೇ ಕೀಳಬೇಕು. ಗಿಡವು ಕೆಳಗೆ ಅಗಲವಾಗಿಯೂ ಮೇಲೆ ಕಿರಿದಾಗಿಯೂ ಇದ್ದರೆ ಕಾಲು ಬೋಳಾಗುವುದಿಲ್ಲ. ಅಡುಗೆಮನೆಯ ಉಪಚಾರವನ್ನು ಪೂರ್ಣವಾಗಿ ಬಿಟ್ಟುಬಿಡುವುದು ಒಳ್ಳೆಯದು.

ಮೂರನೆಯ ವರ್ಷದ ಚಳಿಗಾಲದಲ್ಲಿ ನಮ್ಮ ಗಿಡವು ಎದೆಯೆತ್ತರಕ್ಕೆ ನಿಂತು, ನೆಲದವರೆಗೂ ಎಲೆ ತುಂಬಿ, ಮೈಯೆಲ್ಲ ಹೊನ್ನಿನ ಮಣಿ ಬಿಟ್ಟಿತು. ಪಿಕಳಾರ ಹಕ್ಕಿಗಳು ಬಂದವು. ಗಿರಾಕಿಗಳು ನಿಂತು ನೋಡಿದರು. ನಾವು ಬೀಗಿದೆವು.

ಆ ಕಾಲದ ಒಂದು ಭಾನುವಾರ, ಗುಮಾಸ್ತರೊಬ್ಬರು ಸಂಸಾರಸಮೇತ ತಿಂಡಿಗೆ ಬಂದಿದ್ದರು. ಬಿಲ್ಲು ಕೊಡುವ ಹೊತ್ತಿನಲ್ಲಿ ಅವರ ನಾಲ್ಕು ವರ್ಷದ ಮಗಳು ಹೊರಗೆ ನಡೆದಳು. ಹಿಂದೆಯೇ ಓಡಿದ ತಾಯಿಗೆ ಕಂಡದ್ದು ಅಂಗೈ ತುಂಬ ಹಳದಿ ಹಣ್ಣು, ಬಾಯಲ್ಲಿ ಇನ್ನೆರಡು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ವೈದ್ಯರ ಮೊದಲ ಪ್ರಶ್ನೆ, ಯಾವ ಗಿಡದ ಹಣ್ಣು ಎಂಬುದು. ಐದು ವರ್ಷ ಸಾಕಿದ ಗಿಡದ ಹೆಸರು ನಮಗೆ ತಿಳಿಯದು! ಹಿಂದಿರುಗಿ ಓಡಿ, ರೆಂಬೆ ಮುರಿದು, ಸಸಿ ಮಾರುವವನನ್ನು ಹುಡುಕಿ ತೋರಿಸಿದೆವು. ಅವನು ಹೇಳಿದ್ದು ‘ಡುರಾಂಟ’. ಆ ಗಳಿಗೆಯಲ್ಲಿ ನಮ್ಮ ಕಿವಿಗೆ ಬಿದ್ದದ್ದು ‘ದುರಂತ’. ಮಗು ಎರಡು ಬಾರಿ ವಾಂತಿ ಮಾಡಿತು. ಒಂದು ರಾತ್ರಿ ಅಲ್ಲಿಯೇ ಇರಿಸಿಕೊಂಡು ಮರುದಿನ ಬೆಳಗ್ಗೆ ಮನೆಗೆ ಕಳುಹಿಸಿದರು. ತಂದೆ ನಮಗೆ ಒಂದು ಮಾತೂ ಆಡಲಿಲ್ಲ. ಆದರೆ ಅವರು ಮತ್ತೆ ನಮ್ಮ ಹೋಟೆಲಿಗೆ ಬರಲೂ ಇಲ್ಲ.

ಹದಿನಾರನೆಯ ಶತಮಾನದ ಇಟಲಿಯ ವೈದ್ಯ ಕಾಸ್ತೊರೆ ದುರಾಂತೆಯ ಸ್ಮರಣೆಗಾಗಿ ಇಟ್ಟ ಹೆಸರು ಅದೆಂಬುದನ್ನು ಆಮೇಲೆ ಓದಿ ತಿಳಿದೆವು. ಮೂಲವು ಅಮೆರಿಕದ ಉಷ್ಣಪ್ರದೇಶ ಮತ್ತು ಕೆರಿಬಿಯನ್ ದ್ವೀಪಗಳು. ಇದರ ಎಲೆಯೂ ಕಾಯಿಯೂ ವಿಷ, ಹಣ್ಣನ್ನೂ ನಂಬಬಾರದು. ಹಕ್ಕಿಗಳು ತಿಂದು ಸುಖವಾಗಿರುವುದನ್ನು ಕಂಡು ಮೋಸಹೋಗಬಾರದು. ಮಕ್ಕಳೂ ನಾಯಿ ಬೆಕ್ಕುಗಳೂ ಇದನ್ನು ತಿಂದು ಸತ್ತ ಉದಾಹರಣೆಗಳು ಅನ್ಯದೇಶಗಳಲ್ಲಿ ದಾಖಲಾಗಿವೆ. ಕಡಿದ ಸೊಪ್ಪನ್ನು ಬೀದಿಯ ದನಗಳ ಮುಂದೆ ಎಸೆಯಕೂಡದು. ಮಗುವೇನಾದರೂ ಬಾಯಿಗೆ ಹಾಕಿಕೊಂಡರೆ ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಮುಂತಾದ ಮನೆಮದ್ದು ಬೇಡ. ಬಾಯಲ್ಲಿ ಉಳಿದುದನ್ನು ತೆಗೆದು, ಗಿಡದ ಒಂದು ರೆಂಬೆಯೊಡನೆ ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು.

ಗಿಡವನ್ನು ಬೇರುಸಹಿತ ಕೀಳಿಸಬೇಕೆಂದು ಮನೆಯಾಕೆ ಹೇಳಿದಳು. ನಾವು ಕೀಳಲಿಲ್ಲ; ಆಕೆಯ ಮಾತೇ ಸರಿಯಾಗಿತ್ತೇನೋ ಎಂಬ ಸಂಶಯ ಇಂದಿಗೂ ಇದೆ. ಬದಲಿಗೆ, ಹೂ ಬಾಡಿದೊಡನೆ ಕಾಯಿ ಕಟ್ಟುವ ಮೊದಲೇ ಗೊಂಚಲನ್ನು ಒಂದು ಗೇಣು ಕಡ್ಡಿಯೊಂದಿಗೆ ಕತ್ತರಿಸುವ ಪದ್ಧತಿಯನ್ನು ಇಟ್ಟುಕೊಂಡೆವು. ಮಳೆಗಾಲದಿಂದ ಕಾರ್ತಿಕದವರೆಗೆ ಹದಿನೈದು ದಿನಕ್ಕೊಮ್ಮೆ ಈ ಕೆಲಸ. ಇದರಿಂದ ಗಿಡದ ಗಾತ್ರವೂ ಹಿಡಿತದಲ್ಲಿರುವುದು, ಹೂವೂ ಸಿಗುವುದು; ಹಣ್ಣು ಮಾತ್ರ ಇಲ್ಲ. ಪಿಕಳಾರಗಳು ಬರುವುದನ್ನು ಬಿಟ್ಟವು.

ಹಣ್ಣನ್ನು ತಡೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಡುರಾಂಟದ ಹತ್ತಿರದ ನಂಟ ಲಂಟಾನ. ಎರಡೂ ಒಂದೇ ಕುಟುಂಬದವು. ನಮ್ಮೂರುಗಳ ಬೇಲಿಯಲ್ಲಿ ಅದನ್ನು ಕಾಣದವರಿಲ್ಲ. ೧೮೦೯ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದೇ ತಂದ ಗಿಡವದು. ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲಿದವು. ಇಂದು ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಬಂಡೀಪುರದಲ್ಲಿಯೂ ಕಾಡಿನ ನೆಲವನ್ನೇ ಅದು ಮುಚ್ಚಿ, ಹುಲ್ಲಿಗೆ ಎಡೆಯಿಲ್ಲದಂತಾಗಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಮಾಡುವರೆಂಬುದೊಂದೇ ಸಮಾಧಾನ. ಡುರಾಂಟವೂ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಲ್ಲಿ ತೋಟದಿಂದ ಹೊರಬಿದ್ದು ಹರಡಿದೆ.

ಒಂದೇ ಕೋಣೆಯಲ್ಲಿ ನಾಲ್ವರು ವಾಸಿಸುತ್ತ, ಮಹಡಿಯ ಮೂಲೆಯಲ್ಲಿ ಒಂದು ಕುಂಡವಿಟ್ಟುಕೊಂಡ ತರುಣರಿಗೆ ಇಷ್ಟೆಲ್ಲ ಶ್ರಮವಿಲ್ಲ. ಅಡಿ ಅಗಲದ ಕುಂಡವೇ ಗಿಡವನ್ನು ಕಟ್ಟಿಹಾಕುವುದು. ಎರಡು ವರ್ಷಕ್ಕೊಮ್ಮೆ, ಮಳೆಯ ಆರಂಭದಲ್ಲಿ, ಮಣ್ಣುಗಡ್ಡೆಯನ್ನು ಹೊರತೆಗೆದು, ಸುತ್ತಿಕೊಂಡ ಬೇರುಗಳನ್ನು ಎರಡು ಬೆರಳಷ್ಟು ದಪ್ಪಕ್ಕೆ ಸುತ್ತಲೂ ಕೊಯ್ದು, ಹೊಸ ಮಣ್ಣು ತುಂಬಿ ಅದೇ ಕುಂಡದಲ್ಲಿ ಇಡಬೇಕು. ಬೇರನ್ನು ಕೊಯ್ದಷ್ಟೇ ಮೇಲಿನ ಕಡ್ಡಿಯನ್ನೂ ಕೊಯ್ಯಬೇಕು. ಮೂರಡಿಯನ್ನು ಅದು ದಾಟದು.

ಹೋಟೆಲನ್ನು ಬೇರೆಯವರಿಗೆ ವಹಿಸಿ ಬರುವಾಗ ಆ ಗಿಡದ ಕೆಲವು ಕಡ್ಡಿಗಳನ್ನು ತಂದು ಪತ್ರಿಕೆಯ ಕಾರ್ಯಾಲಯದ ಹಿಂಭಾಗದಲ್ಲಿ ಊರಿದೆವು, ಅವು ಚಿಗುರಿವೆ. ಮುಂದಿನ ಶಿವರಾತ್ರಿಯ ಕಸಿಯಲ್ಲಿ ತೆಗೆದ ಕಡ್ಡಿಗಳು ಬೇಕಾದವರು ಸಂಜೆ ಆರರ ಮೇಲೆ ಬಂದು ಒಯ್ಯಬಹುದು. ಚಿಕ್ಕ ಮಕ್ಕಳಿರುವ ಮನೆಯವರು ಕೇಳಬಾರದಾಗಿ ಪ್ರಾರ್ಥನೆ. ಅವರಿಗೆ ದಾಸವಾಳದ ಕಡ್ಡಿ ಕೊಡುತ್ತೇವೆ.