ಕಾಡು ಬ್ಲೂಬೆರಿಯ ಫಸಲೂ ಜೇನುನೊಣಗಳೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಲ್ಲಿರುವ ಮೇಯ್ನ್ ಸಂಸ್ಥಾನದಲ್ಲಿಯೂ, ಅದರ ನೆರೆಯ ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್, ನೋವಾಸ್ಕೋಷಿಯಾ, ಕ್ವಿಬೆಕ್ ಪ್ರಾಂತಗಳಲ್ಲಿಯೂ ಬ್ಲೂಬೆರಿಯೆಂಬ ನೀಲಿಬಣ್ಣದ ಸಣ್ಣ ಹಣ್ಣು ಹೇರಳವಾಗಿ ದೊರೆಯುತ್ತದೆ. ಇದರ ಕಾಡುಜಾತಿಯನ್ನು ಯಾರೂ ಬಿತ್ತಿದವರಲ್ಲ, ನೆಟ್ಟವರೂ ಅಲ್ಲ. ಮೊಣಕಾಲೆತ್ತರವೂ ಬಾರದ ಈ ಕುರುಚಲು ಗಿಡವು, ಪುರಾತನ ಕಾಲದ ಹಿಮನದಿಗಳು ಬಿಟ್ಟುಹೋದ ಮರಳುಮಿಶ್ರಿತ ಹುಳಿನೆಲದಲ್ಲಿ ತಾನಾಗಿಯೇ ಹುಟ್ಟಿ, ನೆಲದೊಳಗಿನ ಕಾಂಡಗಳ ಮೂಲಕ ಹಬ್ಬುತ್ತದೆ. ಕಳೆಯನ್ನು ಅಡಗಿಸುವುದೂ, ಎರಡು ವರ್ಷಕ್ಕೊಮ್ಮೆ ಗಿಡವನ್ನು ನೆಲದ ಮಟ್ಟಕ್ಕೆ ಕತ್ತರಿಸುವುದು ಇಲ್ಲವೆ ಸುಡುವುದೂ ರೈತನ ಮುಖ್ಯ ಕೆಲಸಗಳು. ಸುಡುವ ಪದ್ಧತಿಯು ಆ ನಾಡಿನ ಮೂಲನಿವಾಸಿಗಳಿಂದ ಬಂದದ್ದು. ಕತ್ತರಿಸಿದ ವರ್ಷ ಚಿಗುರು ಮಾತ್ರ. ಹೂವು ಹಣ್ಣುಗಳು ಮರುವರ್ಷ. ಹೀಗಿರುವುದರಿಂದ ಒಂದು ಹೂಬಿಡುವ ಕಾಲವು ವ್ಯರ್ಥವಾದರೆ ಎರಡು ವರ್ಷಗಳ ದುಡಿಮೆಯು ವ್ಯರ್ಥವಾದಂತೆಯೇ ಸರಿ.

ಒಂದು ಬೀಜದಿಂದ ಹುಟ್ಟಿದ ಗಿಡವು ಹಬ್ಬಿ ಹಬ್ಬಿ ದೊಡ್ಡ ಮಡಿಯಷ್ಟು ಜಾಗವನ್ನು ಆಕ್ರಮಿಸುವುದುಂಟು. ನೋಡುವವರಿಗೆ ಅದು ನೂರಾರು ಗಿಡಗಳ ಹಾಗೆ ಕಂಡರೂ ವಾಸ್ತವವಾಗಿ ಒಂದೇ ಗಿಡ. ಇಂಥ ಒಂದೊಂದು ಹಬ್ಬುವಿಕೆಯೂ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದು ಬಹಳ ಅಪರೂಪ. ಪರಾಗವು ಬೇರೊಂದು ವಂಶದ ಹಬ್ಬುವಿಕೆಯಿಂದಲೇ ಬರಬೇಕು. ಗಾಳಿಯು ಈ ಕೆಲಸವನ್ನು ಮಾಡಲಾರದು. ಏಕೆಂದರೆ ಪರಾಗವು ಭಾರವಾಗಿಯೂ ಅಂಟಾಗಿಯೂ ಇರುತ್ತದೆ, ಹೂವಾದರೋ ಗಂಟೆಯಂತೆ ಕೆಳಮೊಗವಾಗಿ ತೂಗುತ್ತದೆ. ಉಳಿದದ್ದು ನೊಣಗಳೊಂದೇ.

ಈ ಹೂವಿನ ಕೇಸರದ ರಚನೆಯೂ ವಿಲಕ್ಷಣವಾದದ್ದು. ಪರಾಗಕೋಶವು ಒಡೆದು ತೆರೆದುಕೊಳ್ಳುವುದಿಲ್ಲ. ಅದರ ತುದಿಯಲ್ಲಿ ಸಣ್ಣ ರಂಧ್ರವಿದ್ದು, ಅಲುಗಿಸಿದರೆ ಪುಡಿಯು ಉಪ್ಪಿನ ಡಬ್ಬಿಯಿಂದ ಉದುರುವಂತೆ ಉದುರುತ್ತದೆ. ನಮ್ಮ ಬದನೆ, ಟೊಮ್ಯಾಟೋ ಹೂಗಳಲ್ಲಿಯೂ ಇದೇ ಬಗೆಯ ಏರ್ಪಾಡನ್ನು ರೈತರು ನೋಡಬಹುದು. ಮೈತುಂಬ ರೋಮವುಳ್ಳ ಬಂಬಲ್‌ ದುಂಬಿಯೂ, ನೆಲದಲ್ಲಿ ಬಿಲ ತೋಡಿ ವಾಸಿಸುವ ಕೆಲವು ಒಂಟಿನೊಣಗಳೂ ಹೂವನ್ನು ಅಪ್ಪಿಕೊಂಡು ರೆಕ್ಕೆಯ ಸ್ನಾಯುಗಳನ್ನು ಗುಂಯ್‌ಗುಟ್ಟಿಸಿ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಸಾಕುವ ಜೇನುನೊಣಕ್ಕೆ ಈ ವಿದ್ಯೆ ಬಾರದು. ಅದು ಮಕರಂದಕ್ಕಾಗಿ ಬಂದು, ಮೈಗೆ ತಗುಲಿದಷ್ಟು ಪರಾಗವನ್ನು ಮುಂದಿನ ಹೂವಿಗೆ ಸಾಗಿಸುತ್ತದೆ. ಒಂದೊಂದು ಭೇಟಿಯ ಲೆಕ್ಕದಲ್ಲಿ ದುಂಬಿಯೇ ಮೇಲು.

ಹಾಗಾದರೆ ಜೇನುಪೆಟ್ಟಿಗೆಗಳ ಅವಶ್ಯಕತೆಯೇನು? ಬ್ಲೂಬೆರಿ ಹೂಬಿಡುವುದು ಮೇ ತಿಂಗಳ ನಡುವಿನಿಂದ ಜೂನ್ ನಡುವಿನವರೆಗೆ. ಆಗ ಹಾರಾಡುವ ದುಂಬಿಗಳಲ್ಲಿ ಬಹುಪಾಲು ಚಳಿಗಾಲವನ್ನು ಕಳೆದು ಎದ್ದ ರಾಣಿಗಳು; ಅವುಗಳ ಸಂಸಾರವು ಇನ್ನೂ ಬೆಳೆದಿರುವುದಿಲ್ಲ. ನೂರಾರು ಎಕರೆಗಳ ಬಯಲಿನಲ್ಲಿ ಕೋಟ್ಯಂತರ ಹೂಗಳು ಒಮ್ಮೆಗೇ ಅರಳಿದಾಗ ಅವು ಸಾಲವು. ಆದುದರಿಂದ ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳು, ಫ್ಲಾರಿಡಾದ ಕಿತ್ತಳೆ ತೋಟಗಳು ಮುಂತಾದ ಕಡೆಗಳಿಂದ ಸಾವಿರಾರು ಪೆಟ್ಟಿಗೆಗಳನ್ನು ಲಾರಿಗಳಲ್ಲಿ ತಂದು ಬಾಡಿಗೆಗೆ ಇಡುತ್ತಾರೆ. ಹೂವು ಇನ್ನೂ ಅರಳದೆ ಇರುವಾಗ ಪೆಟ್ಟಿಗೆಯನ್ನು ಇಟ್ಟರೆ ನೊಣಗಳು ಅಕ್ಕಪಕ್ಕದ ಬೇರೆ ಹೂಗಳ ರುಚಿಗೆ ಬಿದ್ದುಬಿಡುತ್ತವೆ. ನೂರಕ್ಕೆ ಹತ್ತಿಪ್ಪತ್ತು ಹೂವು ತೆರೆದಾಗ ಇಡುವುದು ವಾಡಿಕೆ. ಪೆಟ್ಟಿಗೆಗಳ ಸುತ್ತ ವಿದ್ಯುತ್ತಿನ ಬೇಲಿಯನ್ನೂ ಕಟ್ಟಬೇಕು, ಏಕೆಂದರೆ ಆ ಕಾಡಿನ ಕರಡಿಗಳಿಗೂ ಜೇನಿನ ಸುದ್ದಿ ಬೇಗನೆ ಮುಟ್ಟುತ್ತದೆ. ಇಷ್ಟೆಲ್ಲ ಮಾಡಿದ ಮೇಲೆಯೂ ಹವೆಯು ಒಲಿಯಬೇಕು. ಸುಮಾರು 55 ಫ್ಯಾರನ್‌ಹೀಟ್ ಡಿಗ್ರಿಗಿಂತ ಚಳಿಯಾದರೆ, ಇಲ್ಲವೆ ಕಡಲ ಮಂಜು ಕವಿದರೆ, ಜೇನುನೊಣವು ಮನೆಯನ್ನು ಬಿಟ್ಟು ಹೊರಡುವುದಿಲ್ಲ. ದುಂಬಿಯು ಅಂಥ ಹೊತ್ತಿನಲ್ಲಿಯೂ ದುಡಿಯುತ್ತದೆ.

ಖರ್ಚಿನ ಮಾತು ಸಣ್ಣದಲ್ಲ. ಪೆಟ್ಟಿಗೆಯೊಂದಕ್ಕೆ ನೂರು ಡಾಲರು ಬಾಡಿಗೆಯೆಂದೂ, ಎಕರೆಗೆ ನಾಲ್ಕು ಪೆಟ್ಟಿಗೆಗಳೆಂದೂ ಇಟ್ಟುಕೊಂಡರೆ 400 ಡಾಲರಾಯಿತು. ಮೇಯ್ನಿನ ಬೆಳೆಯು 2014ರಲ್ಲಿಯೂ 2016ರಲ್ಲಿಯೂ 10 ಕೋಟಿ ಪೌಂಡನ್ನು ಮೀರಿತು. ಮಾಲು ಹೆಚ್ಚಿ 2016ರಲ್ಲಿ ಬೆಲೆಯು ಪೌಂಡಿಗೆ ಸುಮಾರು 27 ಸೆಂಟಿಗೆ ಇಳಿಯಿತು. ಆ ಧಾರಣೆಯಲ್ಲಿ ಎಕರೆಗೆ ಸುಮಾರು 1,480 ಪೌಂಡು ಹಣ್ಣು ಜೇನಿನ ಬಾಡಿಗೆಗೇ ಸಲ್ಲಬೇಕು. ಅನೇಕರು ಪೆಟ್ಟಿಗೆಗಳನ್ನು ಕಡಿಮೆ ಮಾಡಿದರು, ಕೆಲವರು ಹೊಲಗಳನ್ನೇ ಬಿಟ್ಟರು. ಮುಂದೆ 2018ರಲ್ಲಿ ಹೂವಿನ ಕಾಲದ ಮಂಜುಗಡ್ಡೆಯೂ ಸೇರಿ ಬೆಳೆಯು 6 ಕೋಟಿ ಪೌಂಡಿಗಿಂತ ಕೆಳಗೆ ಬಿದ್ದಿತು.

ಕಾಡುನೊಣಗಳ ಬೆಲೆಯನ್ನು ನ್ಯೂ ಬ್ರನ್ಸ್‌ವಿಕ್ಕಿನವರು ಕಷ್ಟಪಟ್ಟೇ ಅರಿತರು. ಅಲ್ಲಿನ ಸ್ಪ್ರೂಸ್ ಕಾಡುಗಳಿಗೆ ತಗುಲಿದ ಕಂಬಳಿಹುಳುವಿನ ನಿವಾರಣೆಗಾಗಿ 1970ರ ಸುಮಾರಿನಿಂದ ಡಿ.ಡಿ.ಟಿ.ಗೆ ಬದಲಾಗಿ ಫೆನಿಟ್ರೋಥಿಯಾನ್ ಎಂಬ ಔಷಧವನ್ನು ವಿಮಾನಗಳಿಂದ ಎರಚಿದರು. ಕಾಡಿನ ಹುಳುವಿಗಾಗಿ ಎರಚಿದ್ದು ಕಾಡಿನಂಚಿನ ನೊಣಗಳನ್ನೂ ಕೊಂದಿತು. ಹತ್ತಿರದ ಬ್ಲೂಬೆರಿ ಹೊಲಗಳಲ್ಲಿ ಹೂವು ಬಂದರೂ ಕಾಯಿ ಕಟ್ಟಲಿಲ್ಲ. ವ್ಯಾಜ್ಯವು ನ್ಯಾಯಾಲಯಕ್ಕೂ ಹೋಯಿತು. ಹೊಲಗಳ ಬಳಿ ಎರಚುವುದನ್ನು ತಡೆದ ಮೇಲೆ ನೊಣಗಳು ಕ್ರಮೇಣ ಹೆಚ್ಚಿದವು, ಆದರೆ ಅದಕ್ಕೆ ಹಲವು ವರ್ಷಗಳೇ ಹಿಡಿದವು. ಔಷಧವನ್ನು ಎರಚಲು ಒಂದು ಮುಂಜಾನೆ ಸಾಕೆಂಬುದನ್ನು ಇಲ್ಲಿ ನೆನೆಯಬಹುದು.

ಮೇಯ್ನಿನಲ್ಲಿ 270ಕ್ಕೂ ಹೆಚ್ಚು ಜಾತಿಯ ಕಾಡುನೊಣಗಳನ್ನು ಗುರುತಿಸಿದ್ದಾರೆ. ಅವುಗಳ ಸಲುವಾಗಿ ಈಗ ಕೆಲವರು ಹೊಲದಂಚಿನ ಹೂಗಿಡಗಳನ್ನೂ, ಬಿಲ ತೋಡಲು ತಕ್ಕ ಬರಿನೆಲವನ್ನೂ ಹಾಗೆಯೇ ಉಳಿಸುತ್ತಾರೆ. ನಾಲ್ಕು ಕುಟುಂಬಗಳನ್ನು ಒಟ್ಟಿಗಿರಿಸಿದ ದುಂಬಿಯ ಪೆಟ್ಟಿಗೆಗಳನ್ನು ಕೊಳ್ಳುವವರೂ ಉಂಟು. ಕೆಲಸವು ಸರಿಯಾಗಿ ನಡೆಯಿತೇ ಎಂಬುದನ್ನು ಹೂವೇ ಹೇಳುತ್ತದೆ. ಪರಾಗ ದೊರೆತ ಹೂವಿನ ದಳವು ಬಿಳುಪಾಗಿರುವಾಗಲೇ ಉದುರುತ್ತದೆ. ದೊರೆಯದ ಹೂವು ದ್ರಾಕ್ಷಾರಸದ ಬಣ್ಣಕ್ಕೆ ತಿರುಗಿ ಕೊಂಬೆಯಲ್ಲಿಯೇ ತೂಗಾಡುತ್ತಿರುತ್ತದೆ. ಪರಾಗವು ಚೆನ್ನಾಗಿ ಬಿದ್ದರೆ ಬೀಜಗಳು ಹೆಚ್ಚು, ಬೀಜ ಹೆಚ್ಚಾದಂತೆ ಹಣ್ಣೂ ದಪ್ಪ. ಜೂನ್ ತಿಂಗಳಲ್ಲಿ ಹೊಲವನ್ನು ಸುತ್ತುವ ಬೆಳೆಗಾರನು ಕೆಂಪೇರಿದ ಹೂಗಳನ್ನು ಎಣಿಸಿ, ಆಗಸ್ಟ್ ತಿಂಗಳಲ್ಲಿ ಎಷ್ಟು ಪೆಟ್ಟಿಗೆ ಹಣ್ಣು ಬಂದೀತೆಂಬುದನ್ನು ಅಂದಾಜು ಮಾಡುತ್ತಾನೆ.