ಚಿಕ್ಕ ಬಸ್ಸು, ದೊಡ್ಡ ಪ್ರಶ್ನೆ

ನಿಯಮವೊಂದು ಯಾರಿಗೆ ಬಾಗಿಲು ತೆರೆಯಿತೆಂಬುದರ ಜೊತೆಗೆ, ಯಾರನ್ನು ಹೊರಗುಳಿಸಿತೆಂಬುದನ್ನೂ ನಾವು ನೋಡಬೇಕು.

ಬ್ರಿಟನ್ನಿನ 2000ನೆಯ ಇಸವಿಯ ನಿಯಮಾವಳಿಯಂತೆ, ನಿಗದಿತ ಮಾರ್ಗದಲ್ಲಿ ಓಡುವ, 22ಕ್ಕಿಂತ ಹೆಚ್ಚು ಪ್ರಯಾಣಿಕರ ಬಸ್ಸಿನಲ್ಲಿ ಗಾಲಿಕುರ್ಚಿಗೆಂದು 1300 ಮಿ.ಮೀ. ಉದ್ದ, 750 ಮಿ.ಮೀ. ಅಗಲದ ಸ್ಥಳವಿರಬೇಕು, ಹತ್ತಲು ಇಳಿಜಾರು ಹಲಗೆಯೋ ಲಿಫ್ಟೋ ಇರಬೇಕು. 2017ರ ಆರಂಭದ ಹೊತ್ತಿಗೆ ಒಂದಂತಸ್ತಿನ, ಎರಡಂತಸ್ತಿನ ಬಸ್ಸುಗಳೆರಡಕ್ಕೂ ಇದು ಕಡ್ಡಾಯವಾಯಿತು.

ಆದರೆ 22 ಅಥವಾ ಅದಕ್ಕಿಂತ ಕಡಮೆ ಮಂದಿಯ ವಾಹನಕ್ಕೆ ಈ ನಿಯಮ ಅನ್ವಯಿಸದು. ಇದಕ್ಕೆ ಸಮರ್ಥನೆ ಇಲ್ಲವೆನ್ನಲಾಗದು. ಹಳ್ಳಿಯ ದಾರಿಯಲ್ಲಿ ಪ್ರಯಾಣಿಕರು ವಿರಳ, ಆದಾಯ ಅಲ್ಪ. ಗಾಲಿಕುರ್ಚಿಗೆ ಎಡೆಮಾಡಿದರೆ ಇರುವ ಕೆಲವೇ ಆಸನಗಳೂ ಕುಗ್ಗುತ್ತವೆ. ವೆಚ್ಚ ಭರಿಸಲಾಗದೆ ಬಸ್ಸೇ ನಿಂತರೆ ನಷ್ಟ ಎಲ್ಲರಿಗೂ.

ಆದರೂ ನಗರದಲ್ಲಿ ಒಂದು ಬಸ್ಸು ಹೋದರೆ ಮತ್ತೊಂದುಂಟು, ಹಳ್ಳಿಯಲ್ಲಿ ಅದೊಂದೇ. ಅದು ಹತ್ತಿಸಿಕೊಳ್ಳದಿದ್ದರೆ ಆಸ್ಪತ್ರೆಯೂ ಸಂತೆಯೂ ನೆಂಟರ ಮನೆಯೂ ದೂರವೇ.

ಅಮೆರಿಕದ 1990ರ ಕಾಯಿದೆ ಬೇರೊಂದು ದಾರಿ ತೋರಿತು: ಸಾರ್ವಜನಿಕ ಸಂಸ್ಥೆಯು ನಿಗದಿತ ಮಾರ್ಗಕ್ಕೆ ಕೊಳ್ಳುವ ಹೊಸ ಬಸ್ಸು ಎಷ್ಟೇ ಚಿಕ್ಕದಿರಲಿ, ಗಾಲಿಕುರ್ಚಿಗೆ ಒದಗಲೇಬೇಕು.

ವಿನಾಯಿತಿ ಅಗತ್ಯವಾದಲ್ಲಿ ಇರಲಿ. ಜೊತೆಗೆ ಸರಕಾರದ ನೆರವೂ ಇರಲಿ. ಬಸ್ಸಿನ ಬಡತನದ ಭಾರವನ್ನು ನಡೆಯಲಾರದವರೊಬ್ಬರೇ ಹೊರುವುದು ನ್ಯಾಯವೆಂದು ನಮಗೆ ತೋರದು.